ಸಾಲೆಯ ಕಟ್ಟಡವೋ, ಸಾಲೆಯ ಮಾಸ್ತರರೋ?

ಯಾವ ಊರಿಗೆ ಶಾಸಕರು ದಯಮಾಡಿಸಿದರೂ ಅಲ್ಲಿ ಒಂದು ಅಡಿಗಲ್ಲು ಬೀಳುವದು, ಹೆಸರು ಕೊರೆದ ಒಂದು ಫಲಕ ಏಳುವದು. ಸಾಲೆಗೆ ಹೊಸ ಕೋಣೆ, ತಾಲೂಕಿಗೆ ಹೊಸ ಕಾಲೇಜು, ಹೋಬಳಿಗೊಂದು ಕೈಗಾರಿಕಾ ತರಬೇತಿ ಸಂಸ್ಥೆ ಎಂದು ಭಾಷಣಗಳಾಗುವವು. ಮರುದಿನ ಪತ್ರಿಕೆಗಳಲ್ಲಿ ಚಿತ್ರಗಳು ಬರುವವು. ಕಟ್ಟಡ ಬೇಡವೆಂದು ನಾವು ಹೇಳುವವರಲ್ಲ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಮಕ್ಕಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತ ಪಾಠ ಹೇಳಿದವರಿಗೆ ಹೆಂಚಿನ ಬೆಲೆ ಗೊತ್ತು. ಆದರೆ ಕೋಣೆ ಎದ್ದ ಬಳಿಕ ಅದರೊಳಗೆ ನಿಂತು ಕಲಿಸುವವರು ಯಾರು? ಈ ಪ್ರಶ್ನೆಯ ಉತ್ತರವನ್ನು ಯಾವ ಫಲಕದ ಮೇಲೂ ನಾವು ಕಂಡಿಲ್ಲ.

ಹೀಗಾಗುವದಕ್ಕೆ ಕಾರಣವುಂಟು. ಪ್ರತಿಯೊಬ್ಬ ಶಾಸಕರ ಪಾಲಿಗೆ ಸ್ಥಳೀಯ ಪ್ರದೇಶಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ರೂಪಾಯಿಗಳ ನಿಧಿಯನ್ನು ಇಟ್ಟಿರುವರು. ಅದು ಕಲ್ಲು ಸಿಮೆಂಟುಗಳ ನಿಧಿ. ಅದರಿಂದ ಕೋಣೆಯನ್ನು ಕಟ್ಟಬಹುದು. ಮಾಸ್ತರರಿಗೆ ಸಂಬಳ ಕೊಡಲಾಗದು. ಸಂಬಳದ ದುಡ್ಡು ಬರುವದು ವಿಧಾನಸಭೆಯು ಮಂಜೂರು ಮಾಡುವ ಆಯವ್ಯಯ ಪತ್ರದಿಂದ. ಅದನ್ನು ಸಭೆಯಲ್ಲಿ ನಿಂತು ವಾದಿಸಿ ಪಡೆಯಬೇಕು, ಅದಕ್ಕೆ ಹಾರವೂ ಇಲ್ಲ, ಚಿತ್ರವೂ ಇಲ್ಲ. ತನ್ನ ನಿಧಿಯಿಂದಾಗುವಷ್ಟೇ ತನ್ನ ಕೆಲಸವೆಂದು ತಿಳಿದ ಪ್ರತಿನಿಧಿಯು ಕಾಯಿದೆ ಮಾಡುವವನ ಪೀಠದಲ್ಲಿ ಕುಳಿತು ಗುತ್ತಿಗೆದಾರನ ಉದ್ಯೋಗವನ್ನು ಮಾಡಿದಂತಾಯಿತು. ಮಾತು ಕಠಿಣವಾಯಿತೆಂದು ಕೆಲವರಿಗೆ ಅನಿಸೀತು. ಅಂಥವರು ಕಾಯಿದೆ ಮಾಡುವವನು ಹೇಗಿರಬಲ್ಲನೆಂಬುದಕ್ಕೆ ನಮ್ಮದೇ ಚರಿತ್ರೆಯಲ್ಲಿರುವ ಒಂದು ಉದಾಹರಣೆಯನ್ನು ನೋಡಬೇಕು.

1911ನೆಯ ಇಸವಿ ಮಾರ್ಚ್ 16ನೆಯ ದಿನ ಗೋಪಾಲ ಕೃಷ್ಣ ಗೋಖಲೆಯವರು ವೈಸರಾಯರ ಕಾಯಿದೆ ಕೌನ್ಸಿಲಿನಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದರು. ಅವರು ಅಲ್ಲಿ ಮುಂಬಯಿ ಇಲಾಖೆಯ ಪ್ರತಿನಿಧಿಗಳಾಗಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳು ಆಗ ಆ ಇಲಾಖೆಯಲ್ಲಿಯೇ ಇದ್ದುದರಿಂದ ಕನ್ನಡಿಗರಲ್ಲಿ ಒಂದು ಪಾಲಿನವರ ಪರವಾಗಿಯೂ ಅವರು ಮಾತಾಡಿದರೆಂದು ಹೇಳಲು ಅಡ್ಡಿಯಿಲ್ಲ. ಅವರು ಕೇಳಿದುದಾದರೂ ಎಷ್ಟು? ಆರರಿಂದ ಹತ್ತು ವರುಷದ ಗಂಡು ಮಕ್ಕಳನ್ನು ಸಾಲೆಗೆ ಕಳಿಸುವದನ್ನು ಕಡ್ಡಾಯ ಮಾಡಲು ಮುನಸಿಪಾಲಟಿಗಳಿಗೂ ಲೋಕಲ್ ಬೋರ್ಡುಗಳಿಗೂ ಅಧಿಕಾರವಿರಲಿ. ಹೆಣ್ಣು ಮಕ್ಕಳಿಗೂ ಇದನ್ನು ಮುಂದೆ ವಿಸ್ತರಿಸಲು ಎಡೆಯಿರಲಿ. ತಿಂಗಳಿಗೆ 10 ರೂಪಾಯಿಗಿಂತ ಹೆಚ್ಚಿನ ಆದಾಯವಿಲ್ಲದ ತಂದೆಯಿಂದ ಫೀ ತಕ್ಕೊಳ್ಳುವದು ಬೇಡ. ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಸರಕಾರವು ಹೊರಲಿ. ಇಷ್ಟೇ. ಬಡೋದೆಯ ಮಹಾರಾಜರು ಅಮರೇಲಿ ತಾಲೂಕಿನಲ್ಲಿ 1893ರಲ್ಲಿಯೇ ಆರಂಭಿಸಿ 1906ರಲ್ಲಿ ಇಡೀ ಸಂಸ್ಥಾನಕ್ಕೆ ಹಬ್ಬಿಸಿದ ಕಾರ್ಯವನ್ನು ಬ್ರಿಟಿಶ್ ಸರಕಾರವು ಅಳುಕುತ್ತಳುಕುತ್ತಾದರೂ ಮಾಡಲೆಂಬುದು ಅವರ ಆಶಯ.

ಹಣವಿಲ್ಲವೆಂದು ಸರಕಾರ ಹೇಳಿತು. ಜನರಿಗೇ ಇದು ಬೇಕಾಗಿಲ್ಲವೆಂದು ಕೆಲವರು ಹೇಳಿದರು. ಹುಡುಗರು ಅಕ್ಷರ ಕಲಿತರೆ ಹೊಲಕ್ಕೆ ಆಳು ಸಿಕ್ಕಲಾರದೆಂಬ ಭಯವೂ ಭೂಮಿಯುಳ್ಳವರಲ್ಲಿ ಇಲ್ಲದಿರಲಿಲ್ಲ. ಗೋಖಲೆಯವರು ಇವರಿಗೆ ಕೂಗಾಡಿ ಉತ್ತರ ಕೊಡಲಿಲ್ಲ. ಎಷ್ಟು ಮಕ್ಕಳು, ತಲೆಗೆ ಎಷ್ಟು ಖರ್ಚು, ಎಷ್ಟು ವರ್ಷಗಳಲ್ಲಿ, ಯಾವ ಸುಂಕದಿಂದ ಎಂಬ ಲೆಕ್ಕವನ್ನು ಸಭೆಯ ಮುಂದೆ ಇಟ್ಟರು. 1912ನೆಯ ಮಾರ್ಚಿನಲ್ಲಿ ಮತ ತಕ್ಕೊಂಡಾಗ ಪರವಾಗಿ 13, ವಿರೋಧವಾಗಿ 38. ಮಸೂದೆ ಬಿತ್ತು, ಮೂರು ವರ್ಷಗಳೊಳಗೆ, 1915ರ ಫೆಬ್ರುವರಿಯಲ್ಲಿ, ಅದನ್ನು ತಂದವರೂ ತೀರಿಕೊಂಡರು. ಆದರೆ ಮುಂದಿನ ಕಾಯಿದೆಗಳಿಗೆ ಅದೇ ಮಾದರಿಯಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರಿನಲ್ಲಿ 1913ರಲ್ಲಿ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಶನ್ ಬಂದಿತು. ಮುಂಬಯಿ ಇಲಾಖೆಯಲ್ಲಿ ವಿಠ್ಠಲಭಾಯಿ ಪಟೇಲರು 1918ರಲ್ಲಿ ಮುನಸಿಪಾಲಟಿಗಳ ಮಟ್ಟಿಗೆ ಕಾಯಿದೆಯನ್ನು ಗೆದ್ದರು. ನಿಜಾಮರ ಸೀಮೆಯ ಕನ್ನಡ ಜಿಲ್ಲೆಗಳಿಗೆ ಮಾತ್ರ ಇಂಥ ಭಾಗ್ಯವಿರಲಿಲ್ಲ. ಅಲ್ಲಿ ಸರಕಾರದ ಭಾಷೆ ಉರ್ದು. ಮನೆಯಲ್ಲಿ ಕನ್ನಡವನ್ನಾಡುವ ಮಗುವಿಗೆ ಸಾಲೆಯ ಹೊಸ್ತಿಲೇ ಎತ್ತರವಾಗಿತ್ತು.

ಆ ಹೊಸ್ತಿಲು ಇಂದಿಗೂ ತಗ್ಗಿಲ್ಲ. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ನಾಡಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದು ಎಣಿಸಲ್ಪಟ್ಟವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರ್ಗಿ ವಿಭಾಗದವು. ತರುವಾಯ 371ಜೆ ಎಂಬ ಸಂವಿಧಾನದ ಕಲಮು ಬಂದಿತು, ಅಭಿವೃದ್ಧಿ ಮಂಡಳಿ ಬಂದಿತು, ಹಣವೂ ಬಂದಿತು. ಒಂದಾದ ನಾಡು ನಕಾಶೆಯಲ್ಲಿ ಒಂದಾದರೆ ಸಾಲದು. ಬೀದರದ ಹಳ್ಳಿಯ ಮಗುವಿಗೂ ಮೈಸೂರಿನ ಹಳ್ಳಿಯ ಮಗುವಿಗೂ ಒಂದೇ ತರದ ಮಾಸ್ತರರು ಸಿಕ್ಕಬೇಡವೇ?

ಕಾಯಿದೆಯ ಕೊರತೆ ಈಗ ಇಲ್ಲ. 2002ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣವು ಹಕ್ಕಾಯಿತು. 2009ರ ಕಾಯಿದೆಯು 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಪ್ರಾಥಮಿಕ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದು ಅದರಲ್ಲಿಯೇ ಬರೆದಿದೆ. ಗೋಖಲೆಯವರು ಬೇಡಿದುದಕ್ಕಿಂತ ಹೆಚ್ಚು ಸಿಕ್ಕಿತು, ಕಾಗದದ ಮೇಲೆ. ಸಾಲೆಯಲ್ಲಿ ಸಿಕ್ಕುವದಾದರೂ ಏನು? ಖಾಲಿಯಾದ ಹುದ್ದೆಯನ್ನು ತುಂಬದೆ ಅದರ ಸ್ಥಾನದಲ್ಲಿ ‘ಅತಿಥಿ ಶಿಕ್ಷಕ’ರೆಂಬವರನ್ನು ನಿಲ್ಲಿಸುವ ಪದ್ಧತಿ ಬೆಳೆದಿದೆ. ಅತಿಥಿಯೆಂದರೆ ನಮ್ಮ ಮನೆಗಳಲ್ಲಿ ಎಲೆ ಹಾಕಿ ಬಡಿಸಿಕೊಳ್ಳುವವನು; ಇಲ್ಲಿಯ ಅತಿಥಿಯಾದರೋ ವರ್ಷದ ನಡುವೆ ಬಂದು, ಅಲ್ಪ ಗೌರವಧನಕ್ಕೆ ದುಡಿದು, ಪರೀಕ್ಷೆ ಮುಗಿದೊಡನೆ ಹೊರಟು ಹೋಗತಕ್ಕವನು. ಯಾವ ಮಗುವಿಗೆ ಭಾಗಾಕಾರ ಬಾರದೆಂಬುದು ಆತನಿಗೆ ತಿಳಿಯುವಷ್ಟರಲ್ಲಿ ಬೇಸಗೆ ಬಂದಿರುವದು.

ಉದ್ಯೋಗ ಶಿಕ್ಷಣದ ಮಾತು ಇಲ್ಲಿಯೇ ಬರುವದು, ಬೇರೆ ಪ್ರಕರಣವಾಗಿ ಅಲ್ಲ. ಐ.ಟಿ.ಐ.ಗಳಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್ ಕೆಲಸಗಳನ್ನು ಕಲಿಯಬಂದ ಹುಡುಗನ ಕೈಗೆ ಮೊದಲು ವರ್ನಿಯರ್ ಕ್ಯಾಲಿಪರನ್ನು ಕೊಡುವರು. ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲನ್ನು ಅದರಿಂದ ಅಳೆಯಬೇಕು. ಐದನೆಯ ಇಯತ್ತೆಯಲ್ಲಿ ದಶಾಂಶ ಭಿನ್ನರಾಶಿ ತಲೆಗೆ ಹತ್ತದವನಿಗೆ ಅದು ಬರಿಯ ಕಬ್ಬಿಣದ ತುಂಡು. ಕನ್ನಡ ಸಾಲೆಯಲ್ಲಿ ತಪ್ಪಿದ ಲೆಕ್ಕವು ಹತ್ತು ವರ್ಷಗಳ ತರುವಾಯ ಕಾರ್ಖಾನೆಯ ಬಾಗಿಲಲ್ಲಿ ಹೀಗೆ ವಸೂಲಾಗುವದು. ಇನ್ನು ಆ ಸಂಸ್ಥೆಗಳ ಒಳಗೆ ಹೋಗಿ ನೋಡಿದರೆ, ಬೆಲೆಯುಳ್ಳ ಹೊಸ ಯಂತ್ರ ಮುಸುಕು ಹೊದ್ದು ಕುಳಿತಿರುವದನ್ನೂ, ಅದನ್ನು ನಡೆಸಿ ತೋರಿಸುವ ಉಪದೇಶಕರ ಹುದ್ದೆ ಬರಿದಾಗಿರುವದನ್ನೂ ನಾವು ಕಂಡಿದ್ದೇವೆ. ವೆಲ್ಡಿಂಗ್ ಕಲಿಯುವದು ನೋಡಿ ಅಲ್ಲ, ಸುಟ್ಟು. ಒಬ್ಬೊಬ್ಬ ಹುಡುಗನೂ ಎಷ್ಟೋ ಕಡ್ಡಿಗಳನ್ನು ಕೆಡಿಸಿದ ಮೇಲೆಯೇ ಕೈ ಪಳಗುವದು. ಆ ಕಡ್ಡಿಗಳ ಖರ್ಚಿಗೆ ಆಯವ್ಯಯದಲ್ಲಿ ಅತಿ ಚಿಕ್ಕ ಬಾಬು ಇರುವದರಿಂದ ಅದರ ಮೇಲೆ ಯಾರ ಕಣ್ಣೂ ಬೀಳದು. ಕಮ್ಮಾರನ ಕುಲುಮೆಯಲ್ಲಿ ಅರ, ಉಳಿ, ಇಕ್ಕಳ, ಬೈರಿಗೆಗಳ ಹೆಸರುಗಳೆಲ್ಲ ಕನ್ನಡದಲ್ಲಿಯೇ ಇರುವಾಗ ಕಸಬಿನ ಪುಸ್ತಕವನ್ನು ಕನ್ನಡದಲ್ಲಿ ಚೆನ್ನಾಗಿ ಬರೆಯಿಸಿ ಹಂಚುವದೂ ಶಾಸಕರು ಕೇಳತಕ್ಕ ವಿಷಯವೇ. ಭದ್ರಾವತಿಯ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಬರಬೇಕಾಗಿದ್ದ ಹಣವನ್ನು ವಿಶ್ವೇಶ್ವರಯ್ಯನವರು ಕೊಟ್ಟದ್ದು ಬೆಂಗಳೂರಿನಲ್ಲಿ ಕಸಬು ಕಲಿಸುವ ಸಂಸ್ಥೆಗಾಗಿ. ಅದಕ್ಕೆ ತಮ್ಮ ಹೆಸರನ್ನು ಇಡಗೊಡದೆ ಜಯಚಾಮರಾಜೇಂದ್ರರ ಹೆಸರನ್ನು ಇಡಿಸಿದರು. ಫಲಕಪ್ರಿಯರು ಇದನ್ನು ಗಮನಿಸಬೇಕು.

ವಾಚಕರಲ್ಲಿ ಶಿಕ್ಷಕರೇ ಬಹಳವಿರುವದರಿಂದ ಇನ್ನೊಂದು ಸಂಗತಿಯನ್ನು ಮರೆಮಾಚದೆ ಹೇಳುವೆವು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಪ್ರತಿನಿಧಿಗಳವು. ಆದರೆ ಸಂವಿಧಾನದ 171ನೆಯ ಕಲಮಿನ ಮೇರೆಗೆ ಈ ಮತಕ್ಕೆ ಅರ್ಹರಾಗುವವರು ಪ್ರೌಢಶಾಲೆಗಿಂತ ಕೆಳಗಲ್ಲದ ಸಂಸ್ಥೆಗಳಲ್ಲಿ ಕಲಿಸುವವರು ಮಾತ್ರ. ಒಂದನೆಯ ಇಯತ್ತೆಯಲ್ಲಿ ಕೈಹಿಡಿದು ‘ಅ’ ತಿದ್ದಿಸುವ ಅಕ್ಕೋರು ಆ ಲೆಕ್ಕದಲ್ಲಿ ಶಿಕ್ಷಕಿಯೇ ಅಲ್ಲ! ಬುಡದವರಿಗೆ ಮತವಿಲ್ಲದುದರಿಂದ ಪರಿಷತ್ತಿನಲ್ಲಿ ಕಾಲೇಜಿನ ಮಾತು ಜಾಸ್ತಿಯಾಗಿ ಕನ್ನಡ ಸಾಲೆಯ ಮಾತು ಕಡಿಮೆಯಾದರೆ ಆಶ್ಚರ್ಯವೇನು? ಈ ಕಲಮನ್ನು ತಿದ್ದುವದು ಪಾರ್ಲಿಮೆಂಟಿನ ಕೆಲಸವಾದರೂ ತಿದ್ದಿರೆಂದು ಠರಾವು ಮಾಡಿ ಕಳಿಸಲು ನಮ್ಮ ಸಭೆಗಳಿಗೆ ಯಾರ ಅಡ್ಡಿಯೂ ಇಲ್ಲ. ಬಸವನಗುಡಿಯಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆಯವರ ಹೆಸರಿನಿಂದ 1945ರಲ್ಲಿ ಸ್ಥಾಪಿಸಿದ ಸಂಸ್ಥೆಯು ವಿಧಾನಸೌಧದಿಂದ ಬಹು ದೂರವಿಲ್ಲ; ಹೊಸ ಶಾಸಕರು ಒಂದು ಸಂಜೆ ಅಲ್ಲಿಗೆ ಹೋಗಿ ಆ ಮಸೂದೆಯ ಭಾಷಣಗಳನ್ನು ತಿರುವಿ ನೋಡಿದರೆ ನಷ್ಟವೇನೂ ಆಗದು.

ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ ಕೂಡುವ ಮುಂಚೆ ಪ್ರತಿಯೊಬ್ಬ ಶಾಸಕರಿಂದ ಎರಡು ಪ್ರಶ್ನೆಗಳನ್ನು ನಾವು ಅಪೇಕ್ಷಿಸುವೆವು: ನನ್ನ ತಾಲೂಕಿನ ಕನ್ನಡ ಸಾಲೆಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು? ನನ್ನ ತಾಲೂಕಿನ ಐ.ಟಿ.ಐ.ಯಲ್ಲಿ ಯಾವ ಯಂತ್ರಕ್ಕೆ ಉಪದೇಶಕರಿಲ್ಲ? ಮಂತ್ರಿಗಳ ಉತ್ತರಕ್ಕಾಗಿ ಕಾಯುವ ಕಾರಣವೂ ಇಲ್ಲ. ಎಸ್.ಡಿ.ಎಂ.ಸಿ.ಯ ಸದಸ್ಯರಾದ ವಾಚಕರು ತಮ್ಮ ಸಾಲೆಯ ಹಾಜರಿ ಪುಸ್ತಕವನ್ನು ತೆರೆದು ಮಕ್ಕಳೆಷ್ಟು, ಕಾಯಂ ಶಿಕ್ಷಕರೆಷ್ಟು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು, ಶಾಸಕರು ಮುಂದಿನ ಅಡಿಗಲ್ಲಿಗೆ ಬಂದಾಗ ಹಾರದೊಡನೆ ಅದನ್ನೂ ಅವರ ಕೈಗೆ ಕೊಡಲಿ.