ಸರ್ವೆ ಮೊದಲು, ಗುದ್ದಲಿ ಆಮೇಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನೆಲ ಬರೀ ಕಲ್ಲುಮಣ್ಣಲ್ಲ. ಕೂಡ್ಲಿಗಿ ತಾಲೂಕಿನ ಕುಮತಿಯಲ್ಲಿ ಇತಿಹಾಸಪೂರ್ವ ಕಾಲದ, ಮನುಷ್ಯಾಕಾರದ ದೊಡ್ಡ ಶಿಲೆಗಳಿವೆ. ಬಾಗಳಿಯ ಕಲ್ಲೇಶ್ವರ, ಹಿರೇಹಡಗಲಿಯ ಕಟ್ಟೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಗುಡಿಗಳು ಕೇಂದ್ರದ ರಕ್ಷಣೆಯಲ್ಲಿವೆ.

1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಇಂಥ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆ 200 ಮೀಟರಿಗೆ ಅಪ್ಪಣೆ ಬೇಕು. ಗುಡಿಯ ಪಕ್ಕದ ಬಡವ ಒಂದು ಕೋಣೆ ಕಟ್ಟಬೇಕೆಂದರೂ ಅರ್ಜಿ ಹಿಡಿದು ಅಲೆಯಬೇಕು. ಆದರೆ ಪಟ್ಟಿಗೆ ಸೇರದ ಗುಡ್ಡ, ಹಾಳೂರ ದಿಬ್ಬ, ಹೊಲದ ಬದುವಿನ ವೀರಗಲ್ಲು, ಇವುಗಳ ಗತಿಯೇನು?

ಗಣಿ, ಅಣೆಕಟ್ಟುಗಳಂಥ ದೊಡ್ಡ ಕಾಮಗಾರಿಗೆ 2006ರ ಪ್ರಕಟಣೆಯಂತೆ ಪರಿಸರ ವರದಿ ಆಗಬೇಕು. ವರದಿ ಬರೆಯುವ ಸಂಸ್ಥೆಗೆ ಗಾಳಿ, ನೀರು, ಸದ್ದು, ಮಣ್ಣು, ಪ್ರಾಣಿಪಕ್ಷಿಗಳ ತಜ್ಞರು ಬೇಕೆಂದು ನಿಯಮವಿದೆ. ಪುರಾತತ್ವಕ್ಕೆ ಪ್ರತ್ಯೇಕ ತಜ್ಞನ ಸ್ಥಾನವೇ ಇಲ್ಲ. ನಮ್ಮ ಗುಡ್ಡಗಳ ಮೇಲೆ ಎದ್ದಿರುವ ಗಾಳಿಯಂತ್ರಗಳಿಗಂತೂ ಆ ವರದಿಯ ಕಟ್ಟೇ ಇಲ್ಲ. ಗಾಳಿಯಿಂದ ವಿದ್ಯುತ್ತು ಬರಲಿ, ನಮಗೆ ಸಂತೋಷವೇ. ಆದರೆ ಯಂತ್ರ ಏರಿಸಲು ಗುಡ್ಡ ಕಡಿದು ದಾರಿ ಮಾಡುವ ಮೊದಲು ಬಲ್ಲವನೊಬ್ಬ ಅಲ್ಲಿ ನಡೆದು ನೋಡಬೇಡವೇ?

ಅಮೆರಿಕವು 1966ರಲ್ಲೇ ಇದಕ್ಕೆ ಕಾಯಿದೆ ಮಾಡಿತು. ಸರಕಾರದ ಹಣವೋ ಅಪ್ಪಣೆಯೋ ಬೇಕಾದ ಕಾಮಗಾರಿಯಲ್ಲಿ ಹಳೆಯ ನೆಲೆಗಳ ವಿಚಾರ ಮೊದಲು ಆಗಬೇಕು. ಇಂದು ಅಲ್ಲಿನ ಪುರಾತತ್ವಜ್ಞರಲ್ಲಿ ಹೆಚ್ಚಿನವರ ಅನ್ನ ಇದೇ ಕೆಲಸದಿಂದ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆ ಕಲಿಯುವ ನಮ್ಮ ಮಕ್ಕಳಿಗೂ ಇದು ಉದ್ಯೋಗವಾಗಬಾರದೇಕೆ?

ಇದು ಪಂಡಿತರ ಗೊಡವೆ, ಗಿರಣಿ ಕೆಲಸಗಾರನಿಗೇನು ಎಂದು ಕೇಳುವವರಿದ್ದಾರೆ. ಆನೆಗೊಂದಿಯ ಸೇತುವೆಯನ್ನು ನೆನೆಯಿರಿ. ಜಾಗದ ವಿಚಾರ ಮೊದಲೇ ಇತ್ಯರ್ಥವಾಗದೆ 1999ರಲ್ಲಿ ಹಂಪಿ ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಾಮಗಾರಿ ವರ್ಷಗಟ್ಟಲೆ ನಿಂತಿತು. 2009ರ ಜನವರಿಯಲ್ಲಿ ಸೇತುವೆ ಕುಸಿದು ಕೂಲಿಕಾರರು ಸತ್ತರು. ಕುಸಿತದ ಕಾರಣ ಬೇರೆಯೇ ಇರಬಹುದು; ಆದರೆ ಕೆಲಸ ನಡುವೆ ನಿಂತರೆ ದಿನಗೂಲಿ ಹೋಗುವುದು ಬಡವನದು, ಉದ್ರಿ ಮುಳುಗುವುದು ಅಂಗಡಿಯವನದು.

ಇನ್ನೊಂದು ಮಾತು. ವರದಿ ಬರೆಯುವವನಿಗೆ ಹಣ ಕೊಡುವವನು ಕಂಪನಿಯವನೇ. ಖರೀದಿದಾರನೇ ತೂಕದವನಿಗೆ ಸಂಬಳ ಕೊಟ್ಟರೆ ಕಾಟಾ ಯಾವ ಕಡೆ ವಾಲೀತೆಂದು ಕೊಟ್ಟೂರಿನ ವ್ಯಾಪಾರಸ್ಥರಿಗೆ ನಾವು ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಪ್ರತಿ ದೊಡ್ಡ ಕಾಮಗಾರಿಗೂ, ಗಾಳಿಯಂತ್ರಕ್ಕೂ, ಪುರಾತತ್ವ ಸರ್ವೆ ಕಡ್ಡಾಯವಾಗಲಿ. ಖರ್ಚನ್ನು ಕಂಪನಿ ಜಿಲ್ಲಾಡಳಿತಕ್ಕೆ ಕಟ್ಟಲಿ. ತಜ್ಞನನ್ನು ಸರಕಾರ ನೇಮಿಸಲಿ. ಪೂರ್ತಿ ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಲಿ. ನೆಲ ಜನರದ್ದು; ಅದರ ಲೆಕ್ಕವೂ ಜನರ ಕೈಗೆ ಸಿಗತಕ್ಕದ್ದು.