ಮಾತೃಗಣ ಮತ್ತು ಒಂದು ದತ್ತಿ

ಖಾನಾಪುರ ತಾಲೂಕಿನ ಹಲಸಿಯು ಪಲಾಶಿಕೆಯೆಂಬ ನಾಮದಿಂದ ಕದಂಬರ ರಾಜಧಾನಿಗಳಲ್ಲೊಂದಾಗಿದ್ದ ಕಾಲದ ತಾಮ್ರಪಟಗಳನ್ನು, ಫ್ಲೀಟ್ ಮಹಾಶಯರು ಸಂಪಾದಿಸಿಕೊಟ್ಟ ರೂಪದಲ್ಲಿ ಓದುವವರಿಗೆ, ಆ ಅರಸರು ತಾಯಂದಿರನ್ನು ಸ್ಮರಿಸುವ ರೀತಿಯು ಕಣ್ಣಿಗೆ ಬೀಳದಿರದು. ಸ್ವಾಮಿ ಮಹಾಸೇನನ, ಎಂದರೆ ಕಾರ್ತಿಕೇಯನ, ಮತ್ತು ಮಾತೃಗಣದ ಅನುಗ್ರಹದಿಂದ ಅಭಿಷಿಕ್ತರಾದವರು ತಾವೆಂದೂ, ಹಾರಿತೀಪುತ್ರರೆಂದೂ ಅವರು ಹೇಳಿಕೊಂಡರು. ಬಳಿಕ ಬಂದ ಬಾದಾಮಿಯ ಚಲುಕ್ಯರೂ ಅದೇ ಬಿರುದನ್ನು ಧರಿಸಿ, ಸಪ್ತಮಾತೃಕೆಯರು ತಮ್ಮನ್ನು ಪೋಷಿಸಿದರೆಂದು ಶಾಸನಗಳಲ್ಲಿ ಬರೆಯಿಸಿದರು. ಐಹೊಳೆಯ ರಾವಣಫಡಿಯಲ್ಲಿ ನರ್ತಿಸುವ ಶಿವನ ಇಕ್ಕೆಲದಲ್ಲಿ ಆ ಮಾತೆಯರು ಇಂದಿಗೂ ನಿಂತಿದ್ದಾರೆ. 

ಶಾಸನವನ್ನರಿಯದ ನಮ್ಮ ಒಕ್ಕಲಿನ ಮನೆಗಳಲ್ಲಿ ಈ ಪೂಜೆಯು ಇನ್ನೂ ಆತ್ಮೀಯವಾದ ರೂಪವನ್ನು ತಾಳಿದೆ. ಶೀಗೆ ಹುಣ್ಣಿಮೆಯ ದಿನ ಪೈರು ಹೊತ್ತ ಭೂಮಿಯನ್ನು ಬಸುರಿಯೆಂದೆಣಿಸಿ, ಬಯಕೆಯೂಟದ ಬುತ್ತಿಯಲ್ಲಿ ಸಜ್ಜೆಯ ರೊಟ್ಟಿ, ಕಡುಬು, ಪುಂಡಿಪಲ್ಯಗಳನ್ನು ಕಟ್ಟಿಕೊಂಡು ಹೋಗಿ, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದ ನಂದಗಡದಲ್ಲಿ, ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳನ್ನು ಬೇಡುವವರು ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಮೃತ್ಯುವಿನ ಸ್ಥಳದಲ್ಲಿ ಹೆಣ್ಣುಮಕ್ಕಳು ತಾಯ್ತನದ ಹರಕೆ ಹೊರುವುದನ್ನು ಕಂಡು ಯಾರ ಹೃದಯ ಆರ್ದ್ರವಾಗದು!

ಆದರೂ, ಹಲಸಿಯ ಪಟಗಳಲ್ಲಿ ನನ್ನನ್ನು ಬಹುವಾಗಿ ಸೆಳೆದುದು ಆ ಬಿರುದುಗಳಲ್ಲ, ಒಂದು ದತ್ತಿಯ ವೃತ್ತಾಂತ. ಸೇನಾಪತಿ ಶ್ರುತಕೀರ್ತಿಯು ಅರಸನ ಪ್ರಸಾದವಾಗಿ ಅನುಭವಿಸುತ್ತಿದ್ದ ಖೇಟಗ್ರಾಮವನ್ನು, ಆತನು ಕಾಲವಾದ ಮೇಲೆ, ಮೃಗೇಶವರ್ಮನು ಧರ್ಮಾರ್ಥವಾಗಿ ದಾಮಕೀರ್ತಿಯ ತಾಯಿಗೆ ಕೊಟ್ಟನು. ದಾಮಕೀರ್ತಿಯ ಹಿರಿಯ ಮಗ ಜಯಕೀರ್ತಿಯು ರವಿವರ್ಮನ ಕಾಲದಲ್ಲಿ ಪುರುಖೇಟಕವನ್ನು ತನ್ನ ತಂದೆಯ ತಾಯಿಗೆ ಅರ್ಪಿಸಿದನು. ಸ್ತೋತ್ರವಲ್ಲ, ಪ್ರತಿಮೆಯಲ್ಲ, ಒಂದು ಊರಿನ ಉತ್ಪನ್ನ! ಮುದುಕಿಯಾದವಳು ಯಾರ ಮುಂದೆಯೂ ಕೈಯೊಡ್ಡದಂತೆ ಮೊಮ್ಮಗನು ಮಾಡಿದ ಈ ಏರ್ಪಾಡನ್ನು, ಸುಮಾರು ಸಾವಿರದೈನೂರು ವರ್ಷಗಳ ಹಿಂದಣ ಮಾತೃಗೌರವದ ಅತ್ಯುತ್ತಮ ನಿದರ್ಶನವೆಂದು ನಾನು ಭಾವಿಸುತ್ತೇನೆ.

1914ರಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ನರು ಘೋಷಿಸಿದ ತಾಯಂದಿರ ದಿನವು ಈಗ ಬೆಳಗಾವಿಯ ಖಡೇಬಜಾರದವರೆಗೂ ಬಂದಿದೆ, ಬರಲಿ. ಸೀರೆಯ ಉಡುಗೊರೆ ಯಾವ ತಾಯಿಗೆ ಬೇಡ? ಆದರೆ ಜಯಕೀರ್ತಿಯು ತನ್ನ ಅಜ್ಜಿಗೆ ಕೊಟ್ಟಂಥ ಆಸರೆಯು ಸೀರೆಯಿಂದ ಒದಗದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಮೃತನಾದ ಮಗನ ಆಸ್ತಿಯಲ್ಲಿ ತಾಯಿಯನ್ನು ಪ್ರಥಮ ವರ್ಗದ ವಾರಸುದಾರಳೆಂದು ಮನ್ನಿಸಿದ್ದರೂ, ವಾರಸಾ ಹಚ್ಚುವ ಹೊತ್ತಿಗೆ ಮನೆಯವರೇ ಮುಂದಾಗಿ ಹಕ್ಕು ಬಿಟ್ಟ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ತಾಯಂದಿರ ದಿನವಾದರೂ ಮಕ್ಕಳು ಹೊಲದ ಉತಾರವನ್ನು, ಎಂದರೆ ಪಹಣಿಯನ್ನು, ಒಮ್ಮೆ ತೆಗೆದು ನೋಡಬೇಕೆಂದೂ, ಅವ್ವನ ಹೆಸರು ಅಲ್ಲಿ ಇಲ್ಲದಿದ್ದರೆ ಈ ವರ್ಷವೇ ಸೇರಿಸಬೇಕೆಂದೂ ನಮ್ಮ ಓದುಗರನ್ನು ಪ್ರಾರ್ಥಿಸುತ್ತೇನೆ.