ಹಲ್ಲಿನ ಸಾಲು ಮತ್ತು ಮುಖದ ಚೆಲುವು

ದಂತವೈದ್ಯನೆಂದರೆ ಹಲ್ಲು ಕೀಳುವವನು ಎಂಬ ಭಾವನೆಯು ನಮ್ಮ ಪ್ರಾಂತದಲ್ಲಿ ಬಹುಕಾಲ ರೂಢವಾಗಿದ್ದಿತು. ಈಗ ಆ ಭಾವನೆಯು ಕ್ರಮೇಣ ಮಾಯವಾಗುತ್ತಲಿದೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಂಥ ತಾಲೂಕು ಪಟ್ಟಣಗಳಲ್ಲಿಯೂ ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಶಾಲೆ ಕಾಲೇಜುಗಳಿಗೆ ಹೋಗುವ ಹುಡುಗ ಹುಡುಗಿಯರು ಕಾಣಸಿಗುವರು. ಜನರು ಇದನ್ನು ಕ್ಲಿಪ್ಪು ಹಾಕಿಸುವುದೆಂದು ಕರೆಯುತ್ತಾರೆ. ವಕ್ರವಾದ ಹಲ್ಲುಗಳನ್ನು ಸಾಲಿಗೆ ತರುವ ಈ ವಿದ್ಯೆಯು ಉಪಯುಕ್ತವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಮುಖವನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು, ಯಾರಿಗೆ ಅವಶ್ಯ, ಯಾರಿಗೆ ಅನವಶ್ಯ ಎಂಬುದನ್ನು ತಿಳಿಯದೆ ತಂದೆತಾಯಿಗಳು ಸಾಲ ಮಾಡಿ ಹಣ ತೆರುವ ಸ್ಥಿತಿಯು ಬರಬಾರದು. ಈ ವಿಷಯದಲ್ಲಿ ನಾಲ್ಕು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೆ ಚಿಕಿತ್ಸೆಯ ಸ್ವರೂಪವನ್ನು ನೋಡೋಣ. ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಅಚಲವಾದುದಲ್ಲ. ಮೆಲ್ಲನೆಯ ಒತ್ತಡವನ್ನು ಸತತವಾಗಿ ಕೊಟ್ಟರೆ ಹಲ್ಲು ಸರಿಯುವ ಕಡೆಯ ಎಲುಬು ಕರಗುತ್ತದೆ, ಹಿಂಬದಿಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರಿನಷ್ಟೇ ಈ ಪ್ರಯಾಣ. ಆದಕಾರಣ ಚಿಕಿತ್ಸೆಯು ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುವುದು. ತಂತಿ ಬಿಚ್ಚಿದ ಮೇಲೆಯೂ ಹಲ್ಲುಗಳು ಹಳೆಯ ಸ್ಥಾನಕ್ಕೆ ಮರಳಲು ಹವಣಿಸುವುದರಿಂದ ಅವನ್ನು ಹಿಡಿದಿಡುವ ಸಾಧನವನ್ನು ವರ್ಷಾನುಗಟ್ಟಲೆ ಧರಿಸಬೇಕು. ಈ ಮಾತನ್ನು ಆರಂಭದಲ್ಲಿಯೇ ಹೇಳದ ವೈದ್ಯನು ಅರ್ಧ ಸತ್ಯವನ್ನಷ್ಟೇ ಹೇಳಿದಂತೆ.

ಇನ್ನು ಮುಖದ ಮಾತು. ತುಟಿಗಳು ಮುಂಬಲ್ಲುಗಳ ಆಧಾರದ ಮೇಲೆ ನಿಂತಿರುವವು. ಮೇಲಿನ ಹಲ್ಲುಗಳು ಬಹಳವಾಗಿ ಮುಂದಕ್ಕೆ ಚಾಚಿ ಬಾಯಿ ಮುಚ್ಚದಿರುವ ಮಗುವಿಗೆ ಅವನ್ನು ಹಿಂದಕ್ಕೆ ತಂದರೆ ತುಟಿಗಳು ಸಹಜವಾಗಿ ಕೂಡುವವು, ಪಕ್ಕದಿಂದ ನೋಡಿದಾಗ ಮುಖದ ರೇಖೆಯು ಮೃದುವಾಗುವುದು, ನಗೆಯು ಬಿಚ್ಚಿಕೊಳ್ಳುವುದು. ಇದು ನಿಜವಾದ ಲಾಭ. ಆದರೆ ಮೂಗು, ಕೆನ್ನೆಯೆಲುಬು, ಮೈಬಣ್ಣಗಳಿಗೆ ತಂತಿಯು ಏನನ್ನೂ ಮಾಡಲಾರದು. ದೋಷವು ಹಲ್ಲಿನಲ್ಲಿರದೆ ದವಡೆಯ ಎಲುಬಿನಲ್ಲಿಯೇ ಇದ್ದರೆ, ಬೆಳೆಯುವ ವಯಸ್ಸಿನಲ್ಲಿ ಅದನ್ನು ಸ್ವಲ್ಪಮಟ್ಟಿಗೆ ತಿದ್ದಬಹುದು. ಬೆಳವಣಿಗೆ ನಿಂತ ಮೇಲೆ ತೀವ್ರವಾದ ದವಡೆದೋಷಕ್ಕೆ ಶಸ್ತ್ರಚಿಕಿತ್ಸೆಯೇ ಗತಿ. ಕೊಂಚ ಓರೆಯಾದ ಒಂದೆರಡು ಹಲ್ಲುಗಳನ್ನು ನೇರ ಮಾಡಿದ ಮಾತ್ರಕ್ಕೆ ಮುಖವೇ ಬೇರೆಯಾಯಿತೆಂದು ತೋರುವುದು ವಿರಳ. ಚಿಕಿತ್ಸೆಯ ಮೊದಲು ಮತ್ತು ಅನಂತರ ಎಂದು ಎರಡು ಚಿತ್ರಗಳನ್ನು ತೂಗುಹಾಕುವ ಫಲಕಗಳು ಈ ಭೇದವನ್ನು ವಿವರಿಸುವುದಿಲ್ಲ.

ಚೆಲುವಿನ ಅಳತೆಗೋಲು ಯಾರದು ಎಂಬುದೂ ವಿಚಾರಾರ್ಹವಾದ ಪ್ರಶ್ನೆಯೇ. ಈ ಶಾಸ್ತ್ರಕ್ಕೆ ಅಸ್ತಿಭಾರ ಹಾಕಿದ ಅಮೆರಿಕದ ಎಡ್ವರ್ಡ್ ಆಂಗಲ್‌ರು 1899ರಲ್ಲಿ ಹಲ್ಲುಗಳ ಅಸಮ ಜೋಡಣೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಆ ವಿಂಗಡಣೆಯು ಇಂದಿಗೂ ಬಳಕೆಯಲ್ಲಿದೆ. ಅದೇ ಮಹನೀಯರು ಒಂದು ಕಾಲಕ್ಕೆ ಅಪೊಲೊ ಬೆಲ್ವೆಡೀರ್ ಎಂಬ ಪ್ರಾಚೀನ ಶಿಲಾಪ್ರತಿಮೆಯ ಮುಖವನ್ನು ಆದರ್ಶವೆಂದು ಎತ್ತಿ ಹಿಡಿದಿದ್ದರು. ಅನಂತರದ ಕಾಲದಲ್ಲಿ ಬಿಳಿಯ ಜನರ ಮುಖಗಳನ್ನು ಅಳೆದು ಪಡೆದ ಅಂಕಿಗಳು ಪಠ್ಯಗ್ರಂಥಗಳಲ್ಲಿ ನೆಲೆಸಿದವು. ದಕ್ಷಿಣ ಭಾರತೀಯರ ತುಟಿಗಳು ಆ ಅಂಕಿಗಳಿಗಿಂತ ತುಸು ತುಂಬಿಕೊಂಡು ಮುಂದೆ ಬಂದಿರುವುದು ಸ್ವಾಭಾವಿಕ, ಅದು ರೋಗವಲ್ಲ. ನಮ್ಮವರೇ ಆದ ದಂತವೈದ್ಯ ಪಂಡಿತರು ಭಾರತೀಯ ಮುಖಗಳನ್ನು ಪ್ರತ್ಯೇಕವಾಗಿ ಅಳೆದು ಬೇರೆ ಅಂಕಿಗಳನ್ನು ಸಿದ್ಧಪಡಿಸಿರುವರು. ಪರರ ಗಜಕಡ್ಡಿಯಿಂದ ನಮ್ಮ ಮಕ್ಕಳ ಮುಖವನ್ನು ಅಳೆದು ಕೊರತೆ ಕಂಡುಹಿಡಿಯುವ ಅವಶ್ಯಕತೆಯಿಲ್ಲ.

ಹಾಗೆಂದು ರೂಪದ ಚಿಂತೆಯೆಲ್ಲ ಬರಿಯ ಭ್ರಮೆಯೆಂದು ತಳ್ಳಿಹಾಕುವವರ ಪಕ್ಷವೂ ನಮ್ಮದಲ್ಲ. ಬ್ರಿಟನ್ನಿನ ಸಂಶೋಧಕ ಶಾ ಎಂಬವರು 1981ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಮಕ್ಕಳ ಮುಖದ ಚಿತ್ರಗಳಲ್ಲಿ ಹಲ್ಲುಗಳನ್ನು ಮಾತ್ರ ಬದಲಿಸಿ ಜನರಿಗೆ ತೋರಿಸಲಾಯಿತು. ಹಲ್ಲು ಸರಿಯಿದ್ದ ಮುಖವನ್ನು ನೋಡಿದವರು ಅದನ್ನು ಚೆಲುವಾದುದೆಂದಷ್ಟೇ ಅಲ್ಲ, ಹೆಚ್ಚು ಬುದ್ಧಿವಂತವಾದುದು, ಸ್ನೇಹಕ್ಕೆ ಹೆಚ್ಚು ಯೋಗ್ಯವಾದುದು ಎಂದೂ ನಿರ್ಣಯಿಸಿದರು. ಬುದ್ಧಿಗೂ ಹಲ್ಲಿಗೂ ಎತ್ತಣ ಸಂಬಂಧ? ಆದರೂ ಲೋಕವು ಹೀಗೆಯೇ ತೂಗುತ್ತದೆ. ತರಗತಿಯಲ್ಲಿ ಅಡ್ಡಹೆಸರಿನಿಂದ ಕರೆಯಿಸಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಗುವಿನ ನೋವು ಸುಳ್ಳಲ್ಲ.

ಆದರೆ ಈ ಸಂಗತಿಗೆ ಇನ್ನೊಂದು ಮುಖವಿದೆ. ವೇಲ್ಸ್ ದೇಶದ ಕಾರ್ಡಿಫ್ ನಗರದಲ್ಲಿ 1981ರಲ್ಲಿ 11-12 ವರ್ಷದ 1018 ಮಕ್ಕಳನ್ನು ಪರೀಕ್ಷಿಸಿ, 20 ವರ್ಷಗಳ ತರುವಾಯ ಅವರಲ್ಲಿ 337 ಮಂದಿಯನ್ನು ಪುನಃ ಪರೀಕ್ಷಿಸಲಾಯಿತು. ಅವಶ್ಯವಿದ್ದು ಚಿಕಿತ್ಸೆ ಪಡೆದವರ ಹಲ್ಲುಗಳು ಉತ್ತಮವಾಗಿದ್ದವು, ತಮ್ಮ ಹಲ್ಲಿನ ಬಗ್ಗೆ ಅವರಿಗೆ ಹೆಚ್ಚಿನ ಸಮಾಧಾನವೂ ಇತ್ತು. ಆದರೆ ಬಾಲ್ಯದಲ್ಲಿಯೇ ಇದ್ದ ಆತ್ಮವಿಶ್ವಾಸವನ್ನು ಲೆಕ್ಕಕ್ಕೆ ಹಿಡಿದಾಗ, ಪ್ರೌಢ ವಯಸ್ಸಿನ ಮನಸ್ಸಿನ ಸುಖಕ್ಕೆ ಚಿಕಿತ್ಸೆಯಿಂದ ದೊರೆತ ಹೆಚ್ಚಳವು ಅತ್ಯಲ್ಪವೆಂದು ಕಂಡುಬಂದಿತು. ತಂತಿಯು ಹಲ್ಲನ್ನು ತಿದ್ದುತ್ತದೆ, ಬಾಳನ್ನಲ್ಲ ಎಂಬುದೇ ಇದರ ಸಾರ.

ನಮ್ಮ ಸಮಾಜದಲ್ಲಿ ಇದರ ಭಾರವು ಹೆಣ್ಣುಮಕ್ಕಳ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ಹಲ್ಲುಬ್ಬು ಎಂಬ ಒಂದೇ ಮಾತಿನಿಂದ ಸಂಬಂಧಗಳು ಮುರಿಯುವುದುಂಟು. ಮಗಳಿಗೆ ವರ ನೋಡುವ ಹೊತ್ತಿಗೆ ತಂದೆಯು ಅವಸರದಿಂದ ವೈದ್ಯರ ಬಾಗಿಲಿಗೆ ಓಡಿ, ಆರು ತಿಂಗಳಲ್ಲಿ ಮುಗಿಸಿಕೊಡಿರೆಂದು ಬೇಡುತ್ತಾನೆ. ಎಲುಬು ಮುಹೂರ್ತಕ್ಕೆ ಕಾಯುವುದಿಲ್ಲ. ಅವಸರದ ಒತ್ತಡದಿಂದ ಹಲ್ಲಿನ ಬೇರು ಸವೆಯುವ ಅಪಾಯವಿದೆ. ತಂತಿಯ ಸುತ್ತ ಸ್ವಚ್ಛತೆ ತಪ್ಪಿದರೆ ಹಲ್ಲಿನ ಮೇಲೆ ಬಿಳಿಯ ಕಲೆಗಳೂ ಹುಳುಕೂ ಉಂಟಾಗುವವು. ವರದಕ್ಷಿಣೆಯೆಂಬ ಪಿಡುಗು ಸಾಲದೆಂದು ದಂತದಕ್ಷಿಣೆಯನ್ನೂ ಕನ್ಯಾಪಿತೃಗಳ ಮೇಲೆ ಹೇರುವುದು ಸುಶಿಕ್ಷಿತರಿಗೆ ಶೋಭಿಸದು.

ನಮ್ಮ ಮೂರು ತಾಲೂಕುಗಳ ವಿಶೇಷ ದುರವಸ್ಥೆಯೊಂದನ್ನು ಇಲ್ಲಿ ಹೇಳದಿದ್ದರೆ ವಿಷಯವು ಅಪೂರ್ಣವಾಗುವುದು. ರಾಯಚೂರು ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶವು ಮಿತಿ ಮೀರಿರುವುದು ಸರಕಾರದ ವರದಿಗಳಲ್ಲಿಯೇ ದಾಖಲಾಗಿದೆ. ನಮ್ಮ ಕಾಲಡಿಯ ಕಗ್ಗಲ್ಲಿನಿಂದಲೇ ಅದು ನೀರಿಗೆ ಇಳಿಯುತ್ತದೆ. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮು ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿಲಿಗ್ರಾಮು ಕೊನೆಯ ಮಿತಿ. ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಇದಕ್ಕಿಂತ ಹೆಚ್ಚಿನ ಫ್ಲೋರೈಡು ಹೊಟ್ಟೆಗೆ ಹೋದರೆ ಹಲ್ಲುಗಳು ಸುಣ್ಣದಂತೆ ಮಚ್ಚೆಗಟ್ಟಿ ಹುಟ್ಟಿ, ಮುಂದೆ ಕಂದುಬಣ್ಣಕ್ಕೆ ತಿರುಗುವವು. ನೀರನ್ನು ಕುದಿಸಿದರೆ ಈ ದೋಷವು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಹೆಚ್ಚುವುದು.

ಹೀಗೆ ಕಂದಿದ ಹಲ್ಲನ್ನು ಎಷ್ಟು ನೇರವಾಗಿ ನಿಲ್ಲಿಸಿದರೂ ಕಂದು ಕಂದೇ. ಇಷ್ಟೇ ಅಲ್ಲ, ಅಂಥ ಹಲ್ಲಿನ ಮೇಲ್ಪದರಕ್ಕೆ ತಂತಿಯ ಬಿಲ್ಲೆಗಳು ಸರಿಯಾಗಿ ಅಂಟುವುದಿಲ್ಲ, ಮತ್ತೆ ಮತ್ತೆ ಕಳಚಿ ಬೀಳುತ್ತವೆ. ಅಂದಮೇಲೆ ನಮ್ಮ ಹಳ್ಳಿಗಳ ಮಕ್ಕಳ ನಗೆಗೆ ಮೊದಲ ವೈದ್ಯನು ಪಟ್ಟಣದ ದಂತತಜ್ಞನಲ್ಲ, ನೀರು ಸರಬರಾಜಿನ ಎಂಜಿನಿಯರನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಗದ್ದೆಗೆ ನದಿಯ ನೀರು ಹರಿಯುವ ಸೀಮೆಯಲ್ಲಿ ಕೂಸಿನ ಬಾಯಿಗೆ ಕೊಳವೆಬಾವಿಯ ಫ್ಲೋರೈಡು ನೀರು ಬೀಳುವುದಾದರೆ ಅದಕ್ಕಿಂತ ವಿಷಾದಕರವಾದ ವಿಪರ್ಯಾಸವು ಬೇರೊಂದಿಲ್ಲ. ಫ್ಲೋರೋಸಿಸ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವು 2008-09ರಲ್ಲಿಯೂ, ಮನೆಮನೆಗೆ ನಲ್ಲಿ ಕೊಡುವ ಜಲಜೀವನ ಯೋಜನೆಯು 2019ರಲ್ಲಿಯೂ ಆರಂಭವಾದವು. ನಲ್ಲಿಯನ್ನು ನೆಟ್ಟ ಮಾತ್ರಕ್ಕೆ ಕಾರ್ಯವು ಮುಗಿಯದು. ಅದರಲ್ಲಿ ಬರುವ ನೀರು ಎಂಥದು ಎಂಬುದೇ ಮುಖ್ಯ ಪ್ರಶ್ನೆ.

ಹಾಗಾದರೆ ಚಿಕಿತ್ಸೆಯು ಯಾರಿಗೆ? ಅಗಿಯಲಾರದವರಿಗೆ, ಬಾಯಿ ಮುಚ್ಚಲಾರದವರಿಗೆ, ಹಲ್ಲು ಬಹಳ ಮುಂದೆ ಚಾಚಿ ಬಿದ್ದಾಗ ಮುರಿಯುವ ಭಯವುಳ್ಳವರಿಗೆ, ಸೀಳುತುಟಿಯಿಂದ ಹುಟ್ಟಿದವರಿಗೆ, ರೂಪದ ಕೊರಗಿನಿಂದ ನಿಜವಾಗಿ ಕುಗ್ಗಿಹೋದ ಮಕ್ಕಳಿಗೆ. ಬ್ರಿಟನ್ನಿನಲ್ಲಿ 1989ರಲ್ಲಿ ಅವಶ್ಯಕತೆಯನ್ನು ಐದು ದರ್ಜೆಗಳಾಗಿ ಅಳೆಯುವ ಒಂದು ಸೂಚಿಯನ್ನು ರಚಿಸಿದರು. ಅದನ್ನನುಸರಿಸಿ ಅಲ್ಲಿಯ ಸಾರ್ವಜನಿಕ ವೈದ್ಯಸೇವೆಯು 18 ವರ್ಷದೊಳಗಿನವರಲ್ಲಿ ತೀವ್ರ ದೋಷವುಳ್ಳವರ ಖರ್ಚನ್ನು ವಹಿಸುತ್ತದೆ. ಅಲ್ಪದೋಷದವರು ಬೇಕಾದರೆ ತಮ್ಮ ಹಣದಿಂದ ಮಾಡಿಸಿಕೊಳ್ಳಬೇಕು. ನಮ್ಮಲ್ಲಿಯಾದರೋ ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯಂತೆ, ಹಣವುಳ್ಳವನು ಅವಶ್ಯವಿಲ್ಲದೆಯೂ ತಂತಿ ಕಟ್ಟಿಸುವನು; ಅವಶ್ಯವಿರುವ ಕೂಲಿಕಾರನ ಮಗುವು ಕೈ ಅಡ್ಡ ಹಿಡಿದೇ ಬೆಳೆಯುವುದು. ಕರ್ನಾಟಕ ಸರಕಾರವು ಹಲ್ಲು ಕಳೆದುಕೊಂಡ ಬಡ ವೃದ್ಧರಿಗೆ ಕೃತಕ ದಂತಪಂಕ್ತಿಯನ್ನು ಕೊಡಲು ದಂತಭಾಗ್ಯ ಯೋಜನೆಯನ್ನು ಆರಂಭಿಸಿದ್ದು ಸ್ತುತ್ಯವಾದ ಕೆಲಸ. ಆ ಕರುಣೆಯು ಹಲ್ಲು ಬರುವ ವಯಸ್ಸಿನವರಿಗೂ ಸಲ್ಲಬೇಕು.

ಮಾಡಬೇಕಾದುದು ಅಸಾಧ್ಯವಾದುದೇನೂ ಅಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹಲ್ಲಿನ ರೋಗವೂ ಸೀಳುತುಟಿಯೂ ಸೇರಿವೆ. ಶಾಲೆಗೆ ಬರುವ ವೈದ್ಯರ ತಂಡವು ಹಲ್ಲಿನ ಜೋಡಣೆಯನ್ನೂ ಕಲೆಯನ್ನೂ ನೋಡಿ ಬರೆದುಕೊಳ್ಳಲಿ. ಹಾಲುಹಲ್ಲು ಹುಳುಕಿನಿಂದ ಅಕಾಲದಲ್ಲಿ ಬಿದ್ದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿ, ಹೊಸ ಹಲ್ಲು ಓರೆಯಾಗಿ ಹುಟ್ಟುವುದೆಂದೂ, ಹೆಬ್ಬೆರಳು ಚೀಪುವ ಅಭ್ಯಾಸವು ಬಹುಕಾಲ ನಿಂತರೆ ಮುಂಬಲ್ಲು ಚಾಚುವುದೆಂದೂ ತಾಯಂದಿರಿಗೆ ಅಂಗನವಾಡಿಗಳಲ್ಲಿಯೇ ತಿಳಿಸಬಹುದು. ಜಿಲ್ಲೆಯ ದಂತವೈದ್ಯ ಮಹಾವಿದ್ಯಾಲಯಗಳು ರಾಯಚೂರಿನಲ್ಲಿವೆ. ತಿಂಗಳಿಗೊಮ್ಮೆ ತಂತಿ ಬಿಗಿಸಲು ಮಗುವನ್ನು ಅಷ್ಟು ದೂರ ಕರೆದೊಯ್ದರೆ ಕೂಲಿಕಾರನಿಗೆ ಒಂದು ದಿನದ ಅನ್ನವೇ ಹೋಗುವುದು. ಅಲ್ಲಿಯ ತಜ್ಞರು ತಿಂಗಳಿಗೊಂದು ದಿನ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸರಕಾರಿ ಆಸ್ಪತ್ರೆಗಳಲ್ಲಿ ಕುಳಿತರೆ ನೂರಾರು ಕುಟುಂಬಗಳಿಗೆ ಉಪಕಾರವಾಗುವುದು. ಗ್ರಾಮಗ್ರಾಮದ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸುವುದಕ್ಕೆ ಹೆಚ್ಚಿನ ಖರ್ಚೂ ಬೇಡ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನವು 1915ರಲ್ಲಿ ಬೆಳಕಿಗೆ ಬಂದುದನ್ನು ವಾಚಕರು ಬಲ್ಲರು. ಆ ಶಾಸನದಲ್ಲಿ ಚಕ್ರವರ್ತಿಯ ರೂಪವರ್ಣನೆಯು ಒಂದಕ್ಷರವೂ ಇಲ್ಲ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದೆಂದು ತಿಳಿಯಬೇಡಿರಿ, ಧರ್ಮನಿಷ್ಠನಾದ ಸಣ್ಣವನಿಗೂ ಅದು ಸಾಧ್ಯ ಎಂಬುದೇ ಅದರ ಅಭಿಪ್ರಾಯ. ಆ ನುಡಿಯು ಧರ್ಮಕ್ಕೆ ಸಂಬಂಧಿಸಿದ್ದು. ಆದರೆ ಶುದ್ಧವಾದ ನೀರು, ಸಕಾಲದ ಚಿಕಿತ್ಸೆ, ಸಂಕೋಚವಿಲ್ಲದ ನಗೆ ಇವು ಕೂಡ ದೊಡ್ಡವರ ಸೊತ್ತಾಗಿ ಉಳಿಯಬಾರದು. ನಮ್ಮ ತಾಲೂಕುಗಳ ಅಧಿಕಾರಿಗಳೂ ಪುರಸಭೆಗಳ ಸದಸ್ಯರೂ ಈ ವಿಷಯಕ್ಕೆ ಲಕ್ಷ್ಯ ಕೊಡುವರೆಂದು ನಂಬುತ್ತೇವೆ.